ಮನೆಯಲ್ಲೇ ಮೀಡಿಯಾ ಸರ್ವರ್: ಯಂತ್ರ ಕೊಳ್ಳುವ ಮೊದಲು ಫೈಲು ನೋಡಿ

ಪ್ರಶ್ನೆ: ಇಪ್ಪತ್ತು ವರ್ಷಗಳ ಮನೆ ವಿಡಿಯೋಗಳು, ಕೊಂಡ ಡಿವಿಡಿ ಮತ್ತು ಬ್ಲೂರೇ ಡಿಸ್ಕುಗಳಿಂದ ಮಾಡಿಕೊಂಡ ನಕಲುಗಳು ಸೇರಿ ನಮ್ಮಲ್ಲಿ ಸುಮಾರು 5 ಟಿಬಿ ಆಗಿದೆ. ಎಲ್ಲವೂ ಮೂರು ಬಿಡಿ ಹಾರ್ಡ್ ಡಿಸ್ಕುಗಳಲ್ಲಿ ಹಂಚಿಹೋಗಿದೆ. ನಾಲ್ಕನೇ ತಲೆಮಾರಿನ ಇಂಟೆಲ್ ಐ5 ಇರುವ ಹಳೆಯ ಡೆಸ್ಕ್‌ಟಾಪ್ ಒಂದು ಸುಮ್ಮನೆ ಕೂತಿದೆ. ಅದನ್ನೇ ಮೀಡಿಯಾ ಸರ್ವರ್ ಮಾಡಿ ಎರಡು ಟಿವಿ ಮತ್ತು ಫೋನುಗಳಲ್ಲಿ ನೋಡೋಣ, ಬೇರೆ ಊರಿನಲ್ಲಿರುವ ಅಪ್ಪ ಅಮ್ಮನಿಗೂ ತಲುಪಿಸೋಣ ಎಂದುಕೊಂಡಿದ್ದೇನೆ. ಸ್ಟ್ರೀಮಿಂಗ್ ಚಂದಾ ಕೂಡ ಬಿಡಬಹುದೇನೋ ಎಂಬ ಆಸೆ. ಸರ್ವರ್ ನಡೆಸುವ ತಂತ್ರಾಂಶವಾಗಿ ಪ್ಲೆಕ್ಸ್ ಹಾಕಿಕೊಳ್ಳಲೇ, ಜೆಲ್ಲಿಫಿನ್ ಹಾಕಿಕೊಳ್ಳಲೇ? ಕೊನೆಗೆ ತಲೆನೋವೇ ಜಾಸ್ತಿ ಆಗುತ್ತದೆಯೇ?

ಉತ್ತರ: ಮನೆ ವಿಡಿಯೋಗಳಿಗಾಗಿ ಮಾಡುವುದಾದರೆ ಖಂಡಿತ ಮಾಡಿ. ಚಂದಾ ಉಳಿಸಲಿಕ್ಕೆ ಎಂದಾದರೆ ಬೇಡ. ಯಂತ್ರ, ಡಿಸ್ಕು, ವರ್ಷವಿಡೀ ಕರೆಂಟು, ಬ್ಯಾಕಪ್ಪಿಗೆಂದು ಮತ್ತಷ್ಟು ಡಿಸ್ಕು, ಜೊತೆಗೆ ನಿಮ್ಮ ರಜಾದಿನಗಳು ಎಲ್ಲವನ್ನೂ ಲೆಕ್ಕ ಹಿಡಿದರೆ ಚಂದಾದ ಹಣ ಉಳಿಯುವುದು ಅಪರೂಪ. ಹೊಸ ಸಿನಿಮಾಗಳಂತೂ ತಾವಾಗಿಯೇ ನಿಮ್ಮ ಡಿಸ್ಕಿಗೆ ಬಂದು ಕೂರುವುದಿಲ್ಲ. ಕೊಂಡ ಡಿಸ್ಕನ್ನು, ಅದರಲ್ಲೂ ನಕಲು ತಡೆಯ ಬೀಗ ಇರುವುದನ್ನು ನಕಲು ಮಾಡಿಕೊಳ್ಳುವ ಬಗ್ಗೆ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ನಿಮ್ಮಲ್ಲಿ ಏನಿದೆ ಎಂದು ತಿಳಿದುಕೊಂಡೇ ಮುಂದುವರಿಯಿರಿ.

ಇನ್ನು ತಲೆನೋವಿನ ಮಾತು. ಅದು ಎಷ್ಟಾಗುತ್ತದೆ ಎಂಬುದು ಬಹುಪಾಲು ಒಂದೇ ಸಂಗತಿಯ ಮೇಲೆ ನಿಂತಿದೆ: ನಿಮ್ಮ ಸರ್ವರ್ ಎಷ್ಟು ಸಲ ವಿಡಿಯೋವನ್ನು ಬೇರೆ ರೂಪಕ್ಕೆ ಬದಲಿಸುವ ಕೆಲಸ, ಅಂದರೆ ಟ್ರಾನ್ಸ್‌ಕೋಡಿಂಗ್ ಮಾಡಬೇಕಾಗುತ್ತದೆ? ಇದನ್ನು ಸರಿಯಾಗಿ ಹಿಡಿದರೆ ಯಾವ ಯಂತ್ರ, ಎಷ್ಟು ಕರೆಂಟು, ಯಾವ ತಂತ್ರಾಂಶ ಎಂಬ ಪ್ರಶ್ನೆಗಳು ಅರ್ಧಕ್ಕರ್ಧ ಸಲೀಸಾಗುತ್ತವೆ. ಹಾಗಾಗಿ ಇಲ್ಲಿಂದಲೇ ಶುರು ಮಾಡುತ್ತೇನೆ.

ಸರ್ವರ್ ಒಂದು ಫೈಲನ್ನು ಟಿವಿಗೆ ಮೂರು ಬಗೆಯಲ್ಲಿ ಕಳಿಸಬಲ್ಲದು. ಫೈಲಿನೊಳಗೆ ಇರುವುದೆಲ್ಲ ಟಿವಿಗೆ ಅರ್ಥವಾಗುವಂತಿದ್ದರೆ ಇದ್ದದ್ದನ್ನು ಇದ್ದಂತೆ ಕಳಿಸುತ್ತದೆ. ಇದು ಡೈರೆಕ್ಟ್ ಪ್ಲೇ. ಒಂದು ಫೈಲನ್ನು ಕಾಪಿ ಮಾಡುವಷ್ಟೇ ಕೆಲಸ, ಎಷ್ಟು ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ. ವಿಡಿಯೋ ಸರಿ ಇದೆ, ಅದನ್ನು ತುಂಬಿಟ್ಟ ಡಬ್ಬಿ ಮಾತ್ರ ಟಿವಿಗೆ ಒಗ್ಗುವುದಿಲ್ಲ ಎಂದಾಗ ಎಂಕೆವಿ ಡಬ್ಬಿಯಿಂದ ತೆಗೆದು ಬೇರೆ ಡಬ್ಬಿಗೆ ಸುರಿದು ಕಳಿಸುತ್ತದೆ. ಇದು ರೀಮಕ್ಸ್, ಇದೂ ಹಗುರವೇ. ಮೂರನೆಯದು ಟ್ರಾನ್ಸ್‌ಕೋಡಿಂಗ್. ವಿಡಿಯೋದ ಒಂದೊಂದು ಫ್ರೇಮನ್ನೂ ಬಿಚ್ಚಿ, ಟಿವಿ ಒಪ್ಪುವ ವಿಡಿಯೋ ಕುಗ್ಗಿಸುವ ವಿಧಾನದಲ್ಲಿ, ಅಂದರೆ ಕೋಡೆಕ್‌ನಲ್ಲಿ ಮತ್ತೆ ಕಟ್ಟಿ, ನೋಡುವವರ ವೇಗಕ್ಕೆ ಹಿಂದೆ ಬೀಳದಂತೆ ಕಳಿಸಬೇಕು. ದುಬಾರಿ ಯಂತ್ರ, ಫ್ಯಾನಿನ ಸದ್ದು, ನಡುನಡುವೆ ಗಿರಗಿರ ತಿರುಗುವ ಬಫರಿಂಗ್ ಚಕ್ರ ಎಲ್ಲ ಬರುವುದು ಇಲ್ಲಿಂದ.

ಒಂದು ಫೈಲನ್ನೇ ಹತ್ತಿರದಿಂದ ನೋಡೋಣ. 4ಕೆ ಬ್ಲೂರೇಯಿಂದ ತೆಗೆದ ನಕಲು: ಎಂಕೆವಿ ಡಬ್ಬಿ, ಒಳಗೆ ಕೋಡೆಕ್‌ಗಳಲ್ಲೊಂದಾದ ಎಚ್‌ಇವಿಸಿ 10 ಬಿಟ್ ಎಚ್‌ಡಿಆರ್ ವಿಡಿಯೋ, ಡಿಟಿಎಸ್ 5.1 ಆಡಿಯೋ, ಪಿಜಿಎಸ್ ಸಬ್‌ಟೈಟಲ್. ಈಚಿನ 4ಕೆ ಟಿವಿಗಳಿಗೆ ವಿಡಿಯೋ ತೊಡಕಾಗುವುದಿಲ್ಲ. ಆದರೆ ಸ್ಯಾಮ್‌ಸಂಗ್ 2018ರಿಂದ ತನ್ನ ಟಿವಿಗಳಲ್ಲಿ ಡಿಟಿಎಸ್ ಬೆಂಬಲ ತೆಗೆದಿದೆ. ಅಂಥ ಟಿವಿಯಲ್ಲಿ ಹಾಕಿದರೆ ಸರ್ವರ್ ಆಡಿಯೋವನ್ನಷ್ಟೇ ಬದಲಿಸಿ ಕಳಿಸುತ್ತದೆ. ಆಡಿಯೋ ಕೆಲಸ ಚಿಕ್ಕದು, ನಿಮ್ಮ ಹಳೆಯ ಐ5 ಕೂಡ ಅದನ್ನು ಆರಾಮಾಗಿ ಮಾಡುತ್ತದೆ. ಈಗ ಮನೆಯಲ್ಲಿ ಯಾರೋ ಸಬ್‌ಟೈಟಲ್ ಆನ್ ಮಾಡಿದರು ಎನ್ನಿ. ಪಿಜಿಎಸ್ ಸಬ್‌ಟೈಟಲ್‌ನಲ್ಲಿ ಅಕ್ಷರಗಳಿರುವುದಿಲ್ಲ, ಅಕ್ಷರಗಳ ಚಿತ್ರಗಳಿರುತ್ತವೆ. ಅವನ್ನು ತೋರಿಸಲು ಬಾರದ ಆ್ಯಪ್ ಆದರೆ ಸರ್ವರ್ ಆ ಚಿತ್ರಗಳನ್ನು ವಿಡಿಯೋದ ಮೇಲೇ ಅಚ್ಚು ಒತ್ತಿ ಕಳಿಸಬೇಕು. ಅಚ್ಚು ಒತ್ತಬೇಕಾದರೆ ಎಲ್ಲ ಫ್ರೇಮುಗಳನ್ನೂ ಬಿಚ್ಚಿ ಕಟ್ಟಲೇಬೇಕು. ಒಂದು ಗುಂಡಿ ಒತ್ತಿದ್ದಕ್ಕೆ ಶೇ. 5 ಇದ್ದ ಪ್ರೊಸೆಸರ್ ಬಳಕೆ ಶೇ. 100ಕ್ಕೆ ಏರಿ ಚಿತ್ರ ತಡವರಿಸತೊಡಗುತ್ತದೆ. ಜನ ಸರ್ವರ್ ಸಣ್ಣದಾಯಿತು ಎಂದು ಹೊಸ ಯಂತ್ರ ತರುವುದು ಈ ಹಂತದಲ್ಲೇ. ತಪ್ಪು ಇರುವುದು ಸಬ್‌ಟೈಟಲ್ ಫೈಲಿನಲ್ಲಿ.

ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡಿನಲ್ಲಿ ಈಗ ಯಾರು ಏನು ನೋಡುತ್ತಿದ್ದಾರೆ ಎಂದು ಕಾಣುತ್ತದೆ. ಅಲ್ಲಿರುವ ಮಾಹಿತಿ ಗುರುತನ್ನು ಒತ್ತಿದರೆ ಟ್ರಾನ್ಸ್‌ಕೋಡ್ ಆಗುತ್ತಿದ್ದರೆ ಅದಕ್ಕೆ ಕಾರಣವೂ ಸಿಗುತ್ತದೆ: ಆಡಿಯೋ ಕೋಡೆಕ್ ಒಪ್ಪದು, ಸಬ್‌ಟೈಟಲ್ ಒಪ್ಪದು, ಬಿಟ್‌ರೇಟ್ ಮಿತಿ (ಸೆಕೆಂಡಿಗೆ ಹರಿಯಬಹುದಾದ ಡೇಟಾ) ಮೀರಿದೆ, ಹೀಗೆ. ಏನನ್ನಾದರೂ ಕೊಳ್ಳುವ ಮೊದಲು ಒಂದು ವಾರ ಈ ಸಾಲನ್ನು ಗಮನಿಸಿ. ಬಿಟ್‌ರೇಟ್ ಎಂದು ಬಂದರೆ ಬಹಳ ಸಲ ಆ್ಯಪ್‌ನೊಳಗಿನ ಗುಣಮಟ್ಟದ ಸೆಟ್ಟಿಂಗ್ ಕಡಿಮೆಗೆ ನಿಂತಿರುತ್ತದೆ. ಅದನ್ನು ಗರಿಷ್ಠಕ್ಕೆ ಇಟ್ಟರೆ ಮುಗಿಯಿತು.

ಸಬ್‌ಟೈಟಲ್‌ಗೆ ಮದ್ದು ಎಸ್‌ಆರ್‌ಟಿ. ಅದು ಬರೀ ಪಠ್ಯ, ಹೆಚ್ಚುಕಡಿಮೆ ಎಲ್ಲ ಆ್ಯಪ್‌ಗಳೂ ತೋರಿಸುತ್ತವೆ. ಎಂಕೆವಿಟೂಲ್‌ನಿಕ್ಸ್‌ನಿಂದ ಪಿಜಿಎಸ್ ಹೊರತೆಗೆದು, ಸಬ್‌ಟೈಟಲ್ ಎಡಿಟ್ ಎಂಬ ತಂತ್ರಾಂಶದಲ್ಲಿ ಅಕ್ಷರ ಗುರುತಿಸುವ ಒಸಿಆರ್ ಓಡಿಸಿ ಎಸ್‌ಆರ್‌ಟಿ ಮಾಡಿಕೊಳ್ಳಿ. ಡಿವಿಡಿಗಳ ವೋಬ್‌ಸಬ್ ಕೂಡ ಚಿತ್ರವೇ, ಅದಕ್ಕೂ ಇದೇ ದಾರಿ. ಡಿಟಿಎಸ್ ತೊಡಕಿದ್ದರೆ ವಿಡಿಯೋ ಬದಲಿಸುವ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್‌ನಲ್ಲಿ ವಿಡಿಯೋವನ್ನು ಮುಟ್ಟದೆ ಕಾಪಿ ಮಾಡಿ, ಮೂಲ ಆಡಿಯೋದ ಜೊತೆಗೇ 640 ಕೆಬಿಪಿಎಸ್‌ನ ಎಸಿ3 (ಡಾಲ್ಬಿ) ಆಡಿಯೋ ಟ್ರ್ಯಾಕ್ ಒಂದನ್ನು ಸೇರಿಸಿಬಿಡಿ. ಎರಡು ಗಂಟೆಯ ಸಿನಿಮಾಕ್ಕೆ 576 ಎಂಬಿ ಹೆಚ್ಚಾಗುತ್ತದೆ, ಅಷ್ಟೇ.

ಕನ್ನಡ ಸಬ್‌ಟೈಟಲ್‌ಗೆ ಇನ್ನೆರಡು ಮಾತು. ಎಸ್‌ಆರ್‌ಟಿ ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲೇ ಉಳಿಸಬೇಕು, ಇಲ್ಲವಾದರೆ ತೆರೆಯ ಮೇಲೆ ಪ್ರಶ್ನೆಚಿಹ್ನೆಗಳ ಸಾಲು ಬರುತ್ತದೆ. ಎರಡನೆಯದು ಹೆಚ್ಚು ಸತಾಯಿಸುತ್ತದೆ. ಸರ್ವರ್ ಸಬ್‌ಟೈಟಲ್ಲನ್ನು ವಿಡಿಯೋದ ಮೇಲೆ ಅಚ್ಚು ಒತ್ತುವಾಗ ತನ್ನಲ್ಲಿರುವ ಫಾಂಟನ್ನು ಬಳಸುತ್ತದೆ. ತಂತ್ರಾಂಶವನ್ನು ಪ್ರತ್ಯೇಕ ಪೊಟ್ಟಣವಾಗಿ ಓಡಿಸುವ ಡಾಕರ್ ಕಂಟೇನರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಮೂಡುತ್ತವೆ. ಫೋನಿನಲ್ಲಿ ಸರಿ ಕಾಣುವುದು ಟಿವಿಯಲ್ಲಿ ಚೌಕವಾಗುವುದಕ್ಕೆ ಇದು ಒಂದು ಕಾರಣ. ಫೋನಿನ ಆ್ಯಪ್ ತನ್ನ ಫಾಂಟಿನಲ್ಲಿ ತೋರಿಸುತ್ತದೆ, ಟಿವಿಗೆ ಹೋಗುವುದು ಸರ್ವರ್ ಒತ್ತಿದ ಅಚ್ಚು. ನೋಟೋ ಸ್ಯಾನ್ಸ್ ಕನ್ನಡ ಫಾಂಟನ್ನು ಒಂದು ಫೋಲ್ಡರಿನಲ್ಲಿಟ್ಟು ಅದನ್ನು ಕಂಟೇನರಿನ ಫಾಂಟ್ ಫೋಲ್ಡರಿಗೆ ಜೋಡಿಸಿ.

ನೆಟ್‌ವರ್ಕಿನಲ್ಲೂ ಒಂದು ಮೋಸ ಹೋಗುವ ಜಾಗ ಇದೆ. ತಂತಿ ಎಳೆದರೆ ವೈಫೈಗಿಂತ ವೇಗ ಎಂದೇ ಎಲ್ಲರೂ ನಂಬುತ್ತಾರೆ, ಸಾಮಾನ್ಯವಾಗಿ ಅದು ನಿಜವೂ ಹೌದು. ಆದರೆ ಬಹುತೇಕ ಟಿವಿಗಳ ಈಥರ್ನೆಟ್ ಪೋರ್ಟ್ 100 ಎಂಬಿಪಿಎಸ್‌ನದು, ನಿಜದಲ್ಲಿ 94 ಆಸುಪಾಸು ಸಿಗುತ್ತದೆ. 4ಕೆ ಬ್ಲೂರೇ ಡಿಸ್ಕಿನ ಗರಿಷ್ಠ ವೇಗ 128 ಎಂಬಿಪಿಎಸ್‌ವರೆಗೆ ಹೋಗಬಹುದು. ಸರಾಸರಿ 60 ಇದ್ದರೂ ಹೊಡೆದಾಟದ ದೃಶ್ಯದಲ್ಲಿ ನೂರು ದಾಟಿದಾಗ ಟಿವಿ ಉಸಿರು ಕಟ್ಟಿ ನಿಲ್ಲುತ್ತದೆ. ಇಂಥ ಫೈಲಿಗೆ ಅದೇ ಟಿವಿಯ 5 ಗಿಗಾಹರ್ಟ್ಸ್ ವೈಫೈ ಎಷ್ಟೋ ಮೇಲು. ಇಲ್ಲವೇ ಗಿಗಾಬಿಟ್ ಪೋರ್ಟ್ ಇರುವ ಆಂಡ್ರಾಯ್ಡ್ ಬಾಕ್ಸ್ ಒಂದನ್ನು ಟಿವಿಗೆ ಸಿಕ್ಕಿಸಿ. ಒಳ್ಳೆಯ ಬಾಕ್ಸ್ ಆದರೆ ಡಿಟಿಎಸ್, ಪಿಜಿಎಸ್ ಎರಡನ್ನೂ ತಾನೇ ನುಂಗಿಕೊಳ್ಳುತ್ತದೆ. ನನ್ನನ್ನು ಕೇಳಿದರೆ, ಕೈಯಲ್ಲಿರುವ ಹಣದ ಮೊದಲ ಪಾಲು ಹೋಗಬೇಕಾದದ್ದು ಟಿವಿ ಪಕ್ಕದ ಈ ಬಾಕ್ಸಿಗೆ. ಸರ್ವರಿನ ಸರದಿ ಆಮೇಲೆ.

ಯಂತ್ರ

ನಿಮ್ಮ ನಾಲ್ಕನೇ ತಲೆಮಾರಿನ ಐ5ನಲ್ಲಿ ಕ್ವಿಕ್ ಸಿಂಕ್ (ಚಿಪ್ಪಿನೊಳಗೇ ಇರುವ ವಿಡಿಯೋ ಬದಲಿಸುವ ಭಾಗ) ಇದೆ, ಎಚ್.264 ವಿಡಿಯೋವನ್ನು ಅದು ಹಾರ್ಡ್‌ವೇರಿನಲ್ಲೇ ಬಿಚ್ಚಿ ಕಟ್ಟಬಲ್ಲದು. ಲಿನಕ್ಸ್‌ನಲ್ಲಿ ಇಷ್ಟು ಹಳೆಯ ಚಿಪ್ಪಿಗೆ ಜೆಲ್ಲಿಫಿನ್ ಸೆಟ್ಟಿಂಗಿನಲ್ಲಿ ಕ್ಯೂಎಸ್‌ವಿ (ಕ್ವಿಕ್ ಸಿಂಕ್) ಬದಲು ವಿಎಎಪಿಐ ಎಂಬ ಆಯ್ಕೆ ಆರಿಸಬೇಕು, ಹಳೆಯ ಐ965 ಡ್ರೈವರ್ ಹಾಕಬೇಕು. ಎಚ್‌ಇವಿಸಿ 10 ಬಿಟ್ ಮಾತ್ರ ಅದಕ್ಕೆ ಬಾರದು, ಅದು ಬಂದದ್ದು ಏಳನೇ ತಲೆಮಾರಿನಲ್ಲಿ. ಅದೇ ಸೆಟ್ಟಿಂಗಿನ ಕೋಡೆಕ್ ಪಟ್ಟಿಯಲ್ಲಿ ಚಿಪ್ಪಿಗೆ ಬಾರದ ಕೋಡೆಕ್‌ಗೂ ಟಿಕ್ ಹಾಕಿಬಿಟ್ಟರೆ ಜೆಲ್ಲಿಫಿನ್ ತಾನಾಗಿ ಪ್ರೊಸೆಸರಿಗೆ ಮರಳುವುದಿಲ್ಲ, ಪ್ಲೇ ಒತ್ತಿದ ಕೂಡಲೇ ದೋಷ ತೋರಿಸಿ ನಿಲ್ಲುತ್ತದೆ. "ಎಲ್ಲ ಟಿಕ್ ಹಾಕಿದೆ, ಏನೂ ಓಡುತ್ತಿಲ್ಲ" ಎನ್ನುವವರ ಕಷ್ಟ ಬಹುತೇಕ ಇದೇ. ಡಾಕರ್‌ನಲ್ಲಿ ಓಡಿಸುವುದಾದರೆ ಗ್ರಾಫಿಕ್ಸ್ ಸಾಧನವನ್ನು, ಅಂದರೆ ಡೆವ್ ಅಡಿಯ ಡಿಆರ್‌ಐ ಫೋಲ್ಡರನ್ನು (/dev/dri), ಕಂಟೇನರಿಗೆ ಕೊಡಬೇಕು. ಕಂಟೇನರಿನ ಬಳಕೆದಾರನನ್ನು ರೆಂಡರ್ ಗುಂಪಿಗೂ ಸೇರಿಸಬೇಕು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುವವರು ಬಹಳ.

ಕರೆಂಟಿನ ಲೆಕ್ಕ ಸುಲಭ. ವರ್ಷಕ್ಕೆ 8,760 ಗಂಟೆ, ಹಾಗಾಗಿ ಸದಾ ಉರಿಯುವ ಪ್ರತಿ 10 ವ್ಯಾಟಿಗೆ ವರ್ಷಕ್ಕೆ 87.6 ಯೂನಿಟ್. ಎರಡು ಡಿಸ್ಕಿನೊಂದಿಗೆ ಹಳೆಯ ಡೆಸ್ಕ್‌ಟಾಪ್ ಸುಮ್ಮನಿದ್ದಾಗಲೂ 45 ವ್ಯಾಟ್ ತಿಂದರೆ ವರ್ಷಕ್ಕೆ 394 ಯೂನಿಟ್. ಡಿಸ್ಕು ಸೇರಿ 15 ವ್ಯಾಟ್ ತಿನ್ನುವ ಚಿಕ್ಕ ಯಂತ್ರಕ್ಕೆ 131. ಈ ವ್ಯತ್ಯಾಸವನ್ನು ನಿಮ್ಮ ಯೂನಿಟ್ ದರಕ್ಕೆ ಗುಣಿಸಿ, ಹೊಸ ಯಂತ್ರದ ಬೆಲೆಯನ್ನು ಅದರಿಂದ ಭಾಗಿಸಿ. ಎಷ್ಟು ವರ್ಷದಲ್ಲಿ ಅಸಲು ಹುಟ್ಟುತ್ತದೆ ಎಂದು ಗೊತ್ತಾಗುತ್ತದೆ. ಅಂದಾಜು ಬೇಡ, ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರಿನಲ್ಲಿ ಒಂದು ಇಡೀ ದಿನ ಅಳೆಯಿರಿ. ಡೆಸ್ಕ್‌ಟಾಪಿನಲ್ಲಿ ಬಿಡಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮೊದಲು ಅದನ್ನು ಕಿತ್ತಿಡಿ.

ಹೊಸದು ಕೊಳ್ಳುವುದಾದರೆ ಇಂಟೆಲ್ ಎನ್100 ಇರುವ ಮಿನಿ ಪಿಸಿ ನಿಮ್ಮ ಕೆಲಸಕ್ಕೆ ಸಾಕು. ನಾಲ್ಕು ಕೋರ್, 6 ವ್ಯಾಟಿನ ಚಿಪ್ಪು. ಎಚ್‌ಇವಿಸಿ 10 ಬಿಟ್ ಬಿಚ್ಚಿ ಕಟ್ಟುತ್ತದೆ, ಎವಿ1 ಬಿಚ್ಚುತ್ತದೆ. ಅದರ ಕೊರತೆ ಇರುವುದು ಡಿಸ್ಕಿಗೆ ಜಾಗ ಇಲ್ಲದಿರುವುದರಲ್ಲಿ. 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಹಾಗಾಗಿ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಪೆಟ್ಟಿಗೆ ತರಬೇಕಾಗುತ್ತದೆ. ಅಗ್ಗದ ಪೆಟ್ಟಿಗೆಗಳು ಡಿಸ್ಕನ್ನು ತಾವೇ ನಿದ್ರೆಗೆ ಕಳಿಸುತ್ತವೆ, ಕೆಲವು ನಡುವೆ ಕಳಚಿಕೊಂಡು ಬೇರೆ ಹೆಸರಿನಲ್ಲಿ ಮರಳಿ ಬರುತ್ತವೆ. ಆದ್ದರಿಂದ ಡಿಸ್ಕನ್ನು ಎಂದಿಗೂ ಅದರ ಬದಲಾಗದ ಗುರುತಾದ ಯುಯುಐಡಿಯಿಂದಲೇ ಮೌಂಟ್ ಮಾಡಿ (ಅಂದರೆ ಫೋಲ್ಡರಿಗೆ ಜೋಡಿಸಿ).

ಕೆಲವು ಖರೀದಿಗಳ ಬಗ್ಗೆ ಎಚ್ಚರ ಹೇಳಲೇಬೇಕು. ಇಂಟೆಲ್ ಪ್ರೊಸೆಸರಿನ ಹೆಸರು ಎಫ್ ಅಕ್ಷರದಲ್ಲಿ ಮುಗಿದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕ್ ಕೂಡ ಇಲ್ಲ. ರಾಸ್ಪ್‌ಬೆರಿ ಪೈ 5ರಲ್ಲಿ ವಿಡಿಯೋ ಕಟ್ಟುವ ಹಾರ್ಡ್‌ವೇರೇ ಇಲ್ಲ, ಡೈರೆಕ್ಟ್ ಪ್ಲೇಗೆ ಮಾತ್ರ ಅದು ಚೆನ್ನ. ನೆಟ್‌ವರ್ಕಿಗೆ ಜೋಡಿಸುವ ಡಿಸ್ಕು ಪೆಟ್ಟಿಗೆಗಳಾದ ನಾಸ್‌ಗಳಲ್ಲೂ ಒಳಗಿನ ಚಿಪ್ಪು ನೋಡಿ: ಸಿನಾಲಜಿಯ ಡಿಎಸ್923+ ಒಳ್ಳೆಯ ಪೆಟ್ಟಿಗೆಯೇ, ಆದರೆ ಅದರ ರೈಜನ್ ಚಿಪ್ಪಿನಲ್ಲಿ ಗ್ರಾಫಿಕ್ಸ್ ಇಲ್ಲದ ಕಾರಣ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್ ಆಗುವುದಿಲ್ಲ.

ಪ್ಲೆಕ್ಸೋ ಜೆಲ್ಲಿಫಿನ್ನೋ?

ನಿಮಗೆ ಜೆಲ್ಲಿಫಿನ್. ಪ್ಲೆಕ್ಸ್‌ನ ಆ್ಯಪ್‌ಗಳು ಹೆಚ್ಚು ನಯವಾಗಿವೆ, ಹೆಚ್ಚು ಕಡೆ ಸಿಗುತ್ತವೆ, ದೂರದಿಂದ ನೋಡುವ ಏರ್ಪಾಡೂ ಸಲೀಸು. ಆದರೆ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್‌ಗೆ ಪ್ಲೆಕ್ಸ್ ಪಾಸ್ ಕೊಳ್ಳಬೇಕು. 2025ರ ಏಪ್ರಿಲ್ ಕೊನೆಯಿಂದ ನಿಮ್ಮದೇ ಫೈಲುಗಳನ್ನು ಮನೆಯ ಹೊರಗಿನಿಂದ ನೋಡುವುದಕ್ಕೂ ಹಣ ಕಟ್ಟುವ ಚಂದಾ ಬೇಕು. ಲಾಗಿನ್ ಕೂಡ ಅವರ ಸರ್ವರ್ ಮೂಲಕವೇ ಆಗುತ್ತದೆ. ಜೆಲ್ಲಿಫಿನ್ 2018ರ ಡಿಸೆಂಬರಿನಲ್ಲಿ, ಎಂಬೀ ಎಂಬ ಮೀಡಿಯಾ ಸರ್ವರ್ ತಂತ್ರಾಂಶ ತನ್ನ ಮೂಲ ಕೋಡನ್ನು ಮುಚ್ಚಿದಾಗ ಅದರಿಂದ ಕವಲೊಡೆದು ಹುಟ್ಟಿದ ಮುಕ್ತ ತಂತ್ರಾಂಶ. ಎಲ್ಲವೂ ಉಚಿತ, ಖಾತೆಗಳು ನಿಮ್ಮ ಯಂತ್ರದಲ್ಲೇ ಇರುತ್ತವೆ. ಸಿನಿಮಾ ಮಾತ್ರ ನೋಡುವವರಿಗೆ ಪ್ಲೆಕ್ಸ್ ಎನ್ನಲು ನನಗೆ ಅಡ್ಡಿಯಿಲ್ಲ. ಮಗುವಿನ ಮೊದಲ ಹೆಜ್ಜೆಯ ವಿಡಿಯೋ ನೋಡಲು ಇನ್ನೊಬ್ಬರ ಸರ್ವರಿನಲ್ಲಿ ಲಾಗಿನ್ ಆಗಬೇಕು ಎನ್ನುವುದು ಮಾತ್ರ ನನಗೆ ಒಪ್ಪಿಗೆಯಾಗದು. ಕೊಳ್ಳುವ ಮೊದಲು ನಿಮ್ಮ ಎರಡೂ ಟಿವಿಗಳ ಆ್ಯಪ್ ಮಳಿಗೆಯಲ್ಲಿ ಜೆಲ್ಲಿಫಿನ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಮತ್ತೆ ಅದೇ ಬಾಕ್ಸ್ ಬೇಕಾಗುತ್ತದೆ.

ಮನೆ ವಿಡಿಯೋಗಳನ್ನು "ಸಿನಿಮಾ" ಬಗೆಯ ಲೈಬ್ರರಿಗೆ ಸೇರಿಸಬೇಡಿ. ಸಿನಿಮಾ ಎಂದರೆ ಜೆಲ್ಲಿಫಿನ್ ಫೈಲಿನ ಹೆಸರು ಹಿಡಿದು ಟಿಎಂಡಿಬಿ ಎಂಬ ಅಂತರ್ಜಾಲ ಭಂಡಾರದಲ್ಲಿ ಹುಡುಕುತ್ತದೆ. "ಮದುವೆ" ಎಂದು ಹೆಸರಿಟ್ಟ ನಿಮ್ಮ ವಿಡಿಯೋಗೆ ಯಾವುದೋ ಸಿನಿಮಾದ ಪೋಸ್ಟರ್ ಅಂಟಿಕೊಳ್ಳಬಹುದು. ಮನೆ ವಿಡಿಯೋ ಮತ್ತು ಫೋಟೋ ಎಂಬ ಬೇರೆಯೇ ಬಗೆ ಇದೆ, ಅದನ್ನು ಆರಿಸಿ. ಫೈಲಿನ ಹೆಸರನ್ನು ದಿನಾಂಕದಿಂದ ಶುರು ಮಾಡಿ, 2009-04-12 ಎಂದು ವರ್ಷ ಮೊದಲು ಬರುವಂತೆ. ಡಿಸ್ಕಿನಿಂದ ಡಿಸ್ಕಿಗೆ ಕಾಪಿ ಮಾಡುವಾಗ ಫೈಲಿನ ತಾರೀಖು ಕಳೆದುಹೋಗುವುದುಂಟು, ಹೆಸರಿನಲ್ಲಿ ಬರೆದದ್ದು ಎಲ್ಲಿಗೂ ಹೋಗುವುದಿಲ್ಲ. ಸಿನಿಮಾಗಳಿಗೆ ಒಂದೊಂದು ಫೋಲ್ಡರ್, ಹೆಸರಿನ ಕೊನೆಗೆ ಆವರಣದಲ್ಲಿ ಬಿಡುಗಡೆಯ ವರ್ಷ. ಒಂದೇ ಹೆಸರಿನ ಸಿನಿಮಾ ನಾಲ್ಕು ಭಾಷೆಯಲ್ಲಿ ಬಂದಿದ್ದರೆ ವರ್ಷವೂ ಸಾಲದು, ಟಿಎಂಡಿಬಿಯ ಸಂಖ್ಯೆಯನ್ನೇ ಫೋಲ್ಡರಿನ ಹೆಸರಿನಲ್ಲಿ ಬರೆದುಬಿಡಿ.

ಇಪ್ಪತ್ತು ವರ್ಷ ಹಳೆಯ ವಿಡಿಯೋಗಳಲ್ಲಿ ಟೇಪ್ ಕ್ಯಾಮೆರಾದ ಡಿವಿ ಫೈಲುಗಳೂ ಇರಬಹುದು, ಗಂಟೆಗೆ ಸುಮಾರು 13 ಜಿಬಿಯವು. ಟಿವಿಗಳು ಅವನ್ನು ನುಡಿಸುವುದು ಅನುಮಾನ. ಮೂಲವನ್ನು ಮುಟ್ಟದೆ ಹಾಗೇ ಇಟ್ಟು, ನೋಡಲಿಕ್ಕೆಂದು ಎಚ್.264ರಲ್ಲಿ ಇನ್ನೊಂದು ಪ್ರತಿ ಮಾಡಿ. ಹಾಗೆ ಮಾಡುವಾಗ ಒಂದು ಸೂಕ್ಷ್ಮ ಇದೆ. ಆ ಕಾಲದ ವಿಡಿಯೋ ಇಂಟರ್‌ಲೇಸ್ ಆಗಿರುತ್ತದೆ, ಒಂದು ಫ್ರೇಮಿನಲ್ಲಿ ಎರಡು ಬೇರೆ ಕ್ಷಣಗಳ ಅರ್ಧರ್ಧ ಸಾಲುಗಳು. ಹಾಗೇ ಬದಲಿಸಿದರೆ ಓಡುವ ಮಗುವಿನ ಅಂಚಿನಲ್ಲಿ ಬಾಚಣಿಗೆ ಹಲ್ಲುಗಳಂಥ ಗೀರು ಕಾಣುತ್ತದೆ. ಎಫ್‌ಎಫ್‌ಎಂಪೆಗ್‌ನ ಬಿಡಬ್ಲ್ಯುಡಿಐಎಫ್ ಫಿಲ್ಟರನ್ನು ಪ್ರತಿ ಫೀಲ್ಡಿಗೆ (ಅಂದರೆ ಆ ಅರ್ಧ ಸಾಲುಗಳ ಗುಂಪಿಗೆ) ಒಂದು ಫ್ರೇಮ್ ಬರುವಂತೆ ಬಳಸಿ. ಆಗ 25 ಫ್ರೇಮಿನ ಪಾಲ್ (PAL) ಪದ್ಧತಿಯ ವಿಡಿಯೋ 50 ಫ್ರೇಮಾಗಿ, ಅಂದು ಟಿವಿಯಲ್ಲಿ ಕಂಡಷ್ಟೇ ನಯವಾಗಿ ಕಾಣುತ್ತದೆ.

ಡಿಸ್ಕು ಮತ್ತು ಬ್ಯಾಕಪ್

ಹಲವು ಡಿಸ್ಕುಗಳನ್ನು ಒಂದಾಗಿ ಬೆಸೆಯುವ ರೇಡ್ ಬಗ್ಗೆ ನೀವು ಕೇಳಿಲ್ಲ, ಆದರೆ ಓದುತ್ತಾ ಹೋದರೆ ಎದುರಾಗುತ್ತದೆ. ಡಿಸ್ಕೊಂದು ಸತ್ತರೂ ಸರ್ವರ್ ನಿಲ್ಲದೆ ಓಡಲಿ ಎನ್ನುವುದು ರೇಡ್‌ನ ಕೆಲಸ. ತಪ್ಪಿ ಅಳಿಸಿದ ಫೋಲ್ಡರನ್ನು ಅದು ಉಳಿಸುವುದಿಲ್ಲ, ಅಳಿಸುವಿಕೆಯನ್ನು ಅದೇ ಕ್ಷಣದಲ್ಲಿ ಎರಡೂ ಡಿಸ್ಕಿಗೆ ಬರೆಯುತ್ತದೆ. ಕಳ್ಳತನ, ಬೆಂಕಿ, ವೋಲ್ಟೇಜ್ ಏರಿಳಿತಕ್ಕೂ ಅದರಲ್ಲಿ ಉತ್ತರ ಇಲ್ಲ. ಸಿನಿಮಾ ಸರ್ವರ್ ಒಂದು ದಿನ ನಿಂತರೆ ಯಾರಿಗೂ ನಷ್ಟವಿಲ್ಲ, ಹಾಗಾಗಿ ಎರಡು ಮೂರು ಡಿಸ್ಕಿನ ಮನೆಗೆ ರೇಡ್ ಬೇಡ. ನಾಲ್ಕೈದು ಡಿಸ್ಕಿಗೆ ಬೆಳೆದರೆ ಆಗ ಸ್ನ್ಯಾಪ್‌ರೇಡ್ ನೋಡಿ. ಅದರಲ್ಲಿ ಸತ್ತ ಡಿಸ್ಕನ್ನು ಮರುಕಟ್ಟಲು ಬೇಕಾದ ಲೆಕ್ಕ ಇಡುವ ಪ್ಯಾರಿಟಿ ಡಿಸ್ಕು ಉಳಿದವುಗಳಲ್ಲಿ ಅತಿ ದೊಡ್ಡದಕ್ಕಿಂತ ಚಿಕ್ಕದಿರಬಾರದು.

ನಿಮ್ಮ 5 ಟಿಬಿಯನ್ನು ಮತ್ತೆ ಸಿಗುವುದು, ಮತ್ತೆ ಸಿಗದೇ ಇರುವುದು ಎಂದು ಎರಡು ಪಾಲು ಮಾಡಿ. ಡಿಸ್ಕು ಕಪಾಟಿನಲ್ಲಿರುವ ಸಿನಿಮಾ ಹೋದರೆ ಮತ್ತೆ ನಕಲು ಮಾಡಬಹುದು, ಅದಕ್ಕೆ ಬ್ಯಾಕಪ್ಪೇ ಬೇಡ, ಹೆಸರುಗಳ ಪಟ್ಟಿಯೊಂದು ಸಾಕು. ಮನೆ ವಿಡಿಯೋಗಳಿಗೆ ಮಾತ್ರ ಮೂರು ಪ್ರತಿ: ಸರ್ವರಿನಲ್ಲಿ ಒಂದು, ಕಪಾಟಿನಲ್ಲಿ ಕಳಚಿಟ್ಟ ಡಿಸ್ಕಿನಲ್ಲಿ ಒಂದು, ಮನೆಯಿಂದಾಚೆ ಒಂದು. ಹೀಗೆ ಬೇರ್ಪಡಿಸಿದರೆ ಬ್ಯಾಕಪ್ಪಿನ ಖರ್ಚು ಎಷ್ಟೋ ಇಳಿಯುತ್ತದೆ. ಈ ಕೆಲಸ ಸರ್ವರ್ ಕಟ್ಟುವುದಕ್ಕಿಂತ ಮೊದಲೇ ಆಗಬೇಕು. ಮೂರು ಹಳೆಯ ಡಿಸ್ಕುಗಳಿಂದ ಹೊಸದಕ್ಕೆ ಸಾಗಿಸುವ ಗಂಟೆಗಳೇ ಅವುಗಳಿಗೆ ಅತಿ ಹೆಚ್ಚು ದಣಿವಿನ ಹೊತ್ತು. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 5 ಟಿಬಿಗೆ ಸುಮಾರು 14 ಗಂಟೆ ಬೇಕು. ಹೊರಡುವ ಮೊದಲು ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿ ತೆಗೆದು 5, 197, 198ನೇ ಸಾಲುಗಳನ್ನು ನೋಡಿ. ಇವು ಹಾಳಾಗಿ ಬದಲಿಸಿದ, ಓದಲು ತಡವರಿಸುತ್ತಿರುವ, ಓದಲಾಗದ ಜಾಗಗಳ ಎಣಿಕೆ. ಸೊನ್ನೆಯಲ್ಲದ ಡಿಸ್ಕನ್ನು ಮೊದಲು ಖಾಲಿ ಮಾಡಿ, ಅದರಲ್ಲೂ ಮನೆ ವಿಡಿಯೋಗಳಿಂದಲೇ ಶುರು ಮಾಡಿ. 199 ಏರಿದ್ದರೆ ಹೆದರಬೇಡಿ, ಅದು ಸಾಮಾನ್ಯವಾಗಿ ಕೇಬಲ್ಲಿನ ತಪ್ಪು.

ದಿನಬಳಕೆಯಲ್ಲಿ ಕೆಡುವುದು

ತಿಂಗಳಿಗೆ ಒಂದೆರಡು ಗಂಟೆ ಈ ಯಂತ್ರಕ್ಕೆ ಕೊಡಬೇಕಾಗುತ್ತದೆ. ಅಷ್ಟೂ ಆಗದು ಎಂದರೆ ಈ ಕೆಲಸಕ್ಕೆ ಇಳಿಯಬೇಡಿ. ಜೆಲ್ಲಿಫಿನ್‌ನ ಡೇಟಾಬೇಸ್ ಎಸ್‌ಕ್ಯೂಲೈಟ್, ಅದು ಯಂತ್ರದೊಳಗಿನ ಎಸ್‌ಎಸ್‌ಡಿಯಲ್ಲೇ ಇರಬೇಕು. ನೆಟ್‌ವರ್ಕ್ ಹಂಚಿಕೆಯ ಫೋಲ್ಡರಿನಲ್ಲಿಟ್ಟರೆ ಫೈಲ್ ಬೀಗದ ಎಡವಟ್ಟಿನಿಂದ ಕೆಟ್ಟುಹೋಗುವ ಅಪಾಯ ಇದೆ. ಹೊಸ ಆವೃತ್ತಿಗೆ ಹೋಗುವ ಮೊದಲು ಸರ್ವರ್ ನಿಲ್ಲಿಸಿ ಕಾನ್ಫಿಗ್ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿಟ್ಟುಕೊಳ್ಳಿ. ಡೇಟಾಬೇಸಿನ ರಚನೆ ಬದಲಾದ ಮೇಲೆ ಹಳೆಯ ಆವೃತ್ತಿ ಅದನ್ನು ಓದಲಾರದು, ಹಿಂದಕ್ಕೆ ಬರಲು ಆ ಕಾಪಿಯೊಂದೇ ದಾರಿ.

ಎಸ್‌ಎಸ್‌ಡಿ ಇದ್ದಕ್ಕಿದ್ದಂತೆ ತುಂಬಿ ಸರ್ವರ್ ಏಳದೇ ಹೋಗುವುದಕ್ಕೆ ಎರಡು ಕಾರಣಗಳನ್ನು ಮೊದಲು ನೋಡಿ. ಟ್ರಾನ್ಸ್‌ಕೋಡ್ ಆಗುವ ತುಣುಕುಗಳು ಡಿಸ್ಕಿನಲ್ಲೇ ಕೂರುತ್ತವೆ, 10 ಎಂಬಿಪಿಎಸ್‌ನ ಎರಡು ಗಂಟೆಯ ಸಿನಿಮಾಕ್ಕೆ 9 ಜಿಬಿ. ಮೂರು ಜನ ಒಟ್ಟಿಗೆ ನೋಡಿದರೆ ಚಿಕ್ಕ ಎಸ್‌ಎಸ್‌ಡಿಗೆ ಅದೇ ಸಾಕು. ಟ್ರಾನ್ಸ್‌ಕೋಡಿಂಗ್ ವೇಗ ತಗ್ಗಿಸುವ, ನೋಡಿಯಾದ ತುಣುಕು ಅಳಿಸುವ ಎರಡು ಆಯ್ಕೆಗಳು ಪ್ಲೇಬ್ಯಾಕ್ ಸೆಟ್ಟಿಂಗಿನಲ್ಲಿವೆ, ಎರಡನ್ನೂ ಆನ್ ಮಾಡಿ. ಇನ್ನೊಂದು ಕಾರಣ ಕಣ್ಣಿಗೆ ಬೀಳುವುದೇ ಇಲ್ಲ. ದೊಡ್ಡ ಡಿಸ್ಕು ಬೂಟ್ ವೇಳೆ ಮೌಂಟ್ ಆಗದೆ ಉಳಿಯಿತು ಎನ್ನಿ. ಅದರ ಹೆಸರಿನ ಫೋಲ್ಡರ್ ಖಾಲಿಯಾಗಿ ಎಸ್‌ಎಸ್‌ಡಿಯಲ್ಲಿ ಇದ್ದೇ ಇರುತ್ತದೆ. ನೀವು ಕಾಪಿ ಮಾಡಿದ ವಿಡಿಯೋಗಳೆಲ್ಲ ಅಲ್ಲಿಗೇ ಬೀಳುತ್ತವೆ. ಮರುದಿನ ಡಿಸ್ಕು ಮೌಂಟ್ ಆದಾಗ ಆ ಫೈಲುಗಳು ಅದರ ಅಡಿಯಲ್ಲಿ ಮುಚ್ಚಿಹೋಗಿ, ಜಾಗ ತಿನ್ನುತ್ತಾ ಕಾಣದಂತೆ ಕೂರುತ್ತವೆ. ಡಿಸ್ಕು ಕಳಚಿದ ಸ್ಥಿತಿಯಲ್ಲಿ ಆ ಖಾಲಿ ಫೋಲ್ಡರಿಗೆ ಬರೆಯುವ ಅನುಮತಿ ಯಾರಿಗೂ ಇಲ್ಲದಂತೆ ಮಾಡಿಡಿ. ಆಗ ಕಾಪಿ ಅಲ್ಲೇ ದೋಷ ಕೊಟ್ಟು ನಿಲ್ಲುತ್ತದೆ, ನಿಮಗೆ ವಿಷಯ ತಿಳಿಯುತ್ತದೆ.

ಕರೆಂಟು ಹೋಗಿ ಬರುವ ಮನೆಯಾದರೆ ಚಿಕ್ಕ ಯುಪಿಎಸ್ ಬೇಕು, ಅದರ ಯುಎಸ್‌ಬಿ ತಂತಿಯನ್ನೂ ಸರ್ವರಿಗೆ ಜೋಡಿಸಬೇಕು. ಬ್ಯಾಟರಿ ಮುಗಿಯುವ ಮೊದಲು ಯಂತ್ರ ತಾನಾಗಿ ಆರಿಕೊಳ್ಳುವುದು ಆ ತಂತಿಯಿಂದಲೇ. ನೀವು ಊರಲ್ಲಿಲ್ಲದಾಗ ಮನೆಯವರಿಗೆ ಬೇಕಾಗುವ ನಾಲ್ಕು ಸಾಲನ್ನು ಕಾಗದದಲ್ಲಿ ಬರೆದು ಯಂತ್ರದ ಮೇಲೆ ಅಂಟಿಸಿ: ಯಾವ ಗುಂಡಿ, ಎಷ್ಟು ನಿಮಿಷ ಕಾಯಬೇಕು, ಯಾವ ದೀಪ ಉರಿಯಬೇಕು, ಮನೆ ವಿಡಿಯೋಗಳ ಪ್ರತಿ ಯಾವ ಕಪಾಟಿನಲ್ಲಿದೆ.

ಅಪ್ಪ ಅಮ್ಮನಿಗೆ ತಲುಪಿಸುವುದು

ರೂಟರಿನಲ್ಲಿ 8096ನೇ ಪೋರ್ಟ್ ತೆರೆದು ಜೆಲ್ಲಿಫಿನ್ನನ್ನು ಬಯಲಿಗೆ ಬಿಡುವ ಸಲಹೆ ಸಿಕ್ಕರೆ ಕೇಳಬೇಡಿ. ಆ ಪೋರ್ಟಿನಲ್ಲಿ ಗೂಢಲಿಪೀಕರಣ ಇಲ್ಲ, ಪಾಸ್‌ವರ್ಡ್ ಬಯಲಲ್ಲೇ ಸಾಗುತ್ತದೆ. ಮೀಡಿಯಾ ಸರ್ವರಿನಲ್ಲಿ ಕದಿಯಲು ಏನಿದೆ ಎನ್ನಬೇಡಿ. 2022ರಲ್ಲಿ ಜನರ ಪಾಸ್‌ವರ್ಡ್ ಕಾಯ್ದಿಡುವ ಲಾಸ್ಟ್‌ಪಾಸ್ ಕಂಪನಿಗೆ ಕನ್ನ ಬಿದ್ದದ್ದು ಅಲ್ಲಿನ ಇಂಜಿನಿಯರ್ ಒಬ್ಬರ ಮನೆಯ ಕಂಪ್ಯೂಟರಿನ ಮೂಲಕ. ಅಲ್ಲಿದ್ದ ಪ್ಲೆಕ್ಸ್ ಆವೃತ್ತಿ ಹಳೆಯದು, ಆ ದೋಷಕ್ಕೆ 2020ರಲ್ಲೇ ಪರಿಹಾರ ಬಂದಿತ್ತು, ಅದನ್ನು ಹಾಕಿರಲಿಲ್ಲ.

ಎಷ್ಟೋ ಕಡೆ ಪೋರ್ಟ್ ತೆರೆದರೂ ಕೆಲಸವಾಗುವುದಿಲ್ಲ. ರೂಟರಿನ ಪುಟದಲ್ಲಿ ಕಾಣುವ ಹೊರ ವಿಳಾಸ 100.64ರಿಂದ 100.127ರ ಒಳಗಿದ್ದರೆ ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಹೊರಗಿನಿಂದ ನಿಮ್ಮ ಮನೆಗೆ ನೇರ ದಾರಿ ಇಲ್ಲ. ಇಲ್ಲಿ ಒದಗುವುದು ಟೇಲ್‌ಸ್ಕೇಲ್. ಅದು ವೈರ್‌ಗಾರ್ಡ್ ಆಧಾರದ ಖಾಸಗಿ ಸುರಂಗ, ಪೋರ್ಟ್ ತೆರೆಯುವ ಅಗತ್ಯವಿಲ್ಲ. ನೇರ ಸಂಪರ್ಕ ಕೂಡಿಬರದಿದ್ದರೆ ನಡುವಿನ ರಿಲೇ ಮೂಲಕ ಹೋಗುತ್ತದೆ, ಆಗ ವೇಗ ಇಳಿದು ವಿಡಿಯೋ ತಡವರಿಸಬಹುದು. ಆಂಡ್ರಾಯ್ಡ್ ಟಿವಿ, ಆ್ಯಪಲ್ ಟಿವಿಗೆ ಅದರ ಆ್ಯಪ್ ಇದೆ. ಸ್ಯಾಮ್‌ಸಂಗ್, ಎಲ್‌ಜಿ ಟಿವಿಗಳ ಒಳಗೆ ಅದು ಓಡುವುದಿಲ್ಲ, ಅಲ್ಲಿಯೂ ಬಾಕ್ಸ್ ಬೇಕು. ನಿಮ್ಮ ಅಪ್‌ಲೋಡ್ ವೇಗವನ್ನೂ ಅಳೆಯಿರಿ, ಡೌನ್‌ಲೋಡ್ ಎಷ್ಟಿದ್ದರೂ ಇಲ್ಲಿ ಉಪಯೋಗವಿಲ್ಲ. 8 ಎಂಬಿಪಿಎಸ್‌ನ ಒಂದು ವಿಡಿಯೋ ನಿರಾಳವಾಗಿ ಹೋಗಲು 12 ಆದರೂ ಅಪ್‌ಲೋಡ್ ಇರಲಿ. ಟ್ರಾನ್ಸ್‌ಕೋಡಿಂಗ್ ನಿಜಕ್ಕೂ ನೆರವಿಗೆ ಬರುವುದು ಈ ಒಂದು ಕಡೆ: ಅವರ ಖಾತೆಗೆ 4 ಎಂಬಿಪಿಎಸ್ ಮಿತಿ ಹಾಕಿದರೆ ದೊಡ್ಡ ಫೈಲನ್ನೂ ಸರ್ವರ್ ಇಳಿಸಿ ಕಳಿಸುತ್ತದೆ.

ಆದರೂ ಇಷ್ಟೆಲ್ಲ ಮಾಡುವ ಮುನ್ನ ಒಂದು ಕೇಳಿ. ಅಪ್ಪ ಅಮ್ಮ ನೋಡಬಯಸುವುದು ಮೊಮ್ಮಕ್ಕಳ ವಿಡಿಯೋಗಳನ್ನೇ ಆದರೆ, ಅವನ್ನು ಒಂದು 2 ಟಿಬಿ ಪೋರ್ಟಬಲ್ ಡಿಸ್ಕಿಗೆ ತುಂಬಿ ಅವರ ಟಿವಿಯ ಯುಎಸ್‌ಬಿಗೆ ಹಾಕಿಬಿಡಿ. ಬಫರಿಂಗ್ ಇಲ್ಲ, ಸುರಂಗ ಇಲ್ಲ, ಫೋನಿನಲ್ಲಿ ಪಾಸ್‌ವರ್ಡ್ ಹೇಳಿಕೊಡುವ ಪಾಡೂ ಇಲ್ಲ. ಮನೆಯಿಂದಾಚೆ ಇರಬೇಕಾದ ಮೂರನೇ ಪ್ರತಿಯೂ ಅದೇ ಆಗುತ್ತದೆ. ಟಿವಿಯ ಕೈಪಿಡಿ ನೋಡಿ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿ, ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲು ಕೂರುವುದಿಲ್ಲ. ಗೂಢಲಿಪಿಯ ಬೀಗ ಹಾಕಿದ ಡಿಸ್ಕನ್ನು ಟಿವಿ ಓದಲಾರದು, ಬೀಗವಿಲ್ಲದೆಯೇ ಕೊಡಬೇಕು, ಹಾಗಾಗಿ ದಾಖಲೆ ಪತ್ರಗಳ ಸ್ಕ್ಯಾನ್ ಅದರಲ್ಲಿ ಇಡಬೇಡಿ. ನೋಡಲಿಕ್ಕೆ ಎಚ್.264 ಪ್ರತಿಗಳು ಒಂದು ಫೋಲ್ಡರಿನಲ್ಲಿ, ಡಿವಿ ಮೂಲಗಳು ಇನ್ನೊಂದರಲ್ಲಿ ಇರಲಿ. ಇಂಥದೇ ಎರಡು ಡಿಸ್ಕು ಇಟ್ಟುಕೊಂಡು, ಊರಿಗೆ ಹೋದಾಗಲೆಲ್ಲ ಹೊಸದನ್ನು ಅಲ್ಲಿ ಹಾಕಿ ಹಳೆಯದನ್ನು ತನ್ನಿ. ತಂದದ್ದರಲ್ಲಿ ನಾಲ್ಕು ಹಳೆಯ ವಿಡಿಯೋಗಳನ್ನು ಮೊದಲಿಂದ ಕೊನೆಯವರೆಗೆ ಓಡಿಸಿ ನೋಡಿ, ಆಮೇಲೆ ಅದಕ್ಕೆ ಹೊಸದನ್ನು ತುಂಬಿ.